ಅಮ್ಮನ ಕೇಸನ್ನು ಕಂಪನಿಯವರು ಫೆಡರಲ್ ಕೋರ್ಟಿಗೆ ತೆಗೆದುಕೊಂಡು ಹೋಗಿದ್ದಾರೆ. ಈಗ ಏನು ಮಾಡಬೇಕು?

ಎಡಿಸನ್ ಸುಮಾ | ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಬಾಣಂತನಕ್ಕೆ ಅಂತ ಅಮ್ಮ ಹಾಸನದಿಂದ ಬಂದಿದ್ದಾರೆ. 67 ವರ್ಷ, ವಿಸಿಟರ್ ವೀಸಾ. ಐದು ತಿಂಗಳ ಹಿಂದೆ ಒಂದು ಶನಿವಾರ ಇಲ್ಲಿಯ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋಗಿದ್ದೆವು. ಫ್ರೀಜರ್ ಕೆಳಗಿನಿಂದ ನೀರು ಸೋರಿ ನೆಲದ ಮೇಲೆ ಹರಡಿತ್ತು. ಒಂದು ಬೋರ್ಡ್ ಇಲ್ಲ, ಒಂದು ಬಟ್ಟೆ ಹಾಸಿರಲಿಲ್ಲ. ಅಮ್ಮ ಬಟಾಣಿ ಪ್ಯಾಕೆಟ್ ತೆಗೆದುಕೊಂಡು ತಿರುಗಿದವರು ಹಾಗೇ ಜಾರಿ ಬಿದ್ದರು. ಎಡಗಡೆ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಬಿಲ್ಲು ಒಂದು ಲಕ್ಷ ಡಾಲರ್ ದಾಟಿದೆ. ವಿಸಿಟರ್ ಇನ್ಶೂರೆನ್ಸ್‌ನವರು ಕೊಟ್ಟಿದ್ದು ಅದರಲ್ಲಿ ಕಾಲು ಭಾಗವೂ ಇಲ್ಲ.

ವಕೀಲರ ಮೂಲಕ ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿರುವ ನಮ್ಮ ಕೌಂಟಿ ಕೋರ್ಟಿನಲ್ಲಿ ಕೇಸು ಹಾಕಿದೆವು. ಈಗ ನೋಡಿದರೆ ಒಂದು ಕಾಗದ ಬಂದಿದೆ. ಕಂಪನಿಯವರು 'ನೋಟಿಸ್ ಆಫ್ ರಿಮೂವಲ್' ಅಂತ ಹಾಕಿ ಕೇಸನ್ನು ನ್ಯೂವರ್ಕ್‌ನ ಫೆಡರಲ್ ಕೋರ್ಟಿಗೆ ತೆಗೆದುಕೊಂಡು ಹೋಗಿದ್ದಾರಂತೆ. ನಮ್ಮನ್ನು ಒಂದು ಮಾತು ಕೇಳಿಲ್ಲ. ಜಡ್ಜ್ ಆದರೂ ಕೇಳಬೇಡವಾ? ವಕೀಲರಿಗೆ ಮೂರು ಸಲ ಫೋನ್ ಮಾಡಿದೆ, ಇನ್ನೂ ತಿರುಗಿ ಮಾಡಿಲ್ಲ. ಮುಂದಿನ ತಿಂಗಳು ಅಮ್ಮ ಊರಿಗೆ ಹೊರಟಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಯಾರಿಗಾದರೂ ಇದರ ಅನುಭವ ಇದ್ದರೆ ಹೇಳಿ.

ಪ್ಲೇನ್ಸ್‌ಬರೋ ಮಂಜು | ರಾತ್ರಿ 10:58

ಸುಮಾ ಅವರೇ, ಮೊದಲು ಅಮ್ಮ ಹೇಗಿದ್ದಾರೆ? ಓದಿ ಬೇಜಾರಾಯಿತು. ಫೆಡರಲ್ ಅಂದರೆ ಸ್ಟೇಟ್ ಕೋರ್ಟಿಗಿಂತ ಮೇಲಿನ ಕೋರ್ಟು ಅಲ್ವಾ? ನಮ್ಮ ಕಡೆ ಜಿಲ್ಲಾ ಕೋರ್ಟಿನಿಂದ ಹೈಕೋರ್ಟಿಗೆ ಹೋದ ಹಾಗೆ. ಹಾಗಾದರೆ ಒಳ್ಳೆಯದೇ ಆಯಿತು ಅಂದುಕೊಳ್ಳಿ.

ಲೀಗಲ್ ಲತಾ | ರಾತ್ರಿ 11:20

ಮಂಜು, ಇಲ್ಲಪ್ಪ. ಮೇಲೆ ಕೆಳಗೆ ಅಂತ ಇಲ್ಲ. ಸ್ಟೇಟ್ ಕೋರ್ಟು ರಾಜ್ಯದ್ದು, ಫೆಡರಲ್ ಕೋರ್ಟು ಕೇಂದ್ರದ್ದು, ಎರಡೂ ಪಕ್ಕಪಕ್ಕದ ಮನೆಗಳು. ಇದು ಅಪೀಲೂ ಅಲ್ಲ. ಕೇಸು ಮೊದಲಿನಿಂದ ಅಲ್ಲಿ ನಡೆಯುತ್ತದೆ, ಅಷ್ಟೆ.

ಸುಮಾ, ನಾನು ವಕೀಲೆ ಅಲ್ಲ. ಒಂದು ಲಾ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ. ಕಂಪನಿಗಳ ಪರವಾಗಿ ಇಂಥ ನೋಟಿಸ್ ಎಷ್ಟು ತಯಾರು ಮಾಡಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಆ ಕಡೆಯವರ ಲೆಕ್ಕಾಚಾರ ನನಗೆ ಗೊತ್ತು.

ಪ್ರತಿವಾದಿಗೆ ಇಲ್ಲಿ ಯಾರ ಅನುಮತಿಯೂ ಬೇಕಾಗಿಲ್ಲ. ಸಮನ್ಸ್ ಕೈಗೆ ಬಂದ 30 ದಿನದೊಳಗೆ ಫೆಡರಲ್ ಕೋರ್ಟಿನಲ್ಲಿ ನೋಟಿಸ್ ಹಾಕಿ, ನಿಮಗೆ ಒಂದು ಪ್ರತಿ ಕಳಿಸಿ, ಹಳೇ ಕೋರ್ಟಿನ ಕ್ಲರ್ಕ್‌ಗೆ ಒಂದು ಪ್ರತಿ ಕೊಟ್ಟರೆ ಮುಗಿಯಿತು. ಆ ಕ್ಷಣದಿಂದ ನ್ಯೂ ಬ್ರನ್ಸ್‌ವಿಕ್‌ನ ಜಡ್ಜ್ ಆ ಫೈಲನ್ನು ಮುಟ್ಟುವ ಹಾಗಿಲ್ಲ. ಅದಕ್ಕೇ ನಿಮ್ಮನ್ನು ಯಾರೂ ಕೇಳಲಿಲ್ಲ.

ಆದರೆ ವಾಪಸ್ ತರುವ ದಾರಿಯೂ ಇದೆ. ಅದಕ್ಕೆ ರಿಮ್ಯಾಂಡ್ ಮೋಷನ್ ಅಂತಾರೆ. ನೋಟಿಸ್‌ನಲ್ಲಿ ಕ್ರಮದ ತಪ್ಪು ಇದ್ದರೆ ಅದನ್ನು ಎತ್ತಲು ನಿಮಗೂ 30 ದಿನವೇ. 31ನೇ ದಿನ ಎತ್ತಿದರೆ ಕೇಳುವವರಿಲ್ಲ. ಫೆಡರಲ್ ಕೋರ್ಟಿಗೆ ಅಧಿಕಾರವೇ ಇಲ್ಲ ಅನ್ನುವ ವಾದಕ್ಕೆ ಮಾತ್ರ ಗಡುವಿಲ್ಲ, ಯಾವಾಗ ಬೇಕಾದರೂ ಎತ್ತಬಹುದು.

ಇಂಥ ಕೇಸು ಫೆಡರಲ್‌ಗೆ ಹೋಗುವುದು ಎರಡೂ ಕಡೆಯವರು ಬೇರೆ ಬೇರೆ ರಾಜ್ಯದವರು, ಇಲ್ಲ ಒಬ್ಬರು ವಿದೇಶದವರು, ಮೊತ್ತವೂ 75,000 ಡಾಲರ್ ದಾಟಿದೆ ಅನ್ನುವ ಕಾರಣಕ್ಕೆ. ಅದಕ್ಕೇ ಮೂರು ಪ್ರಶ್ನೆ. ನೋಟಿಸ್ ದಾಖಲಾಗಿ ಎಷ್ಟು ದಿನ ಆಯಿತು? ಕಂಪನಿ ಯಾವ ರಾಜ್ಯದ್ದು? ಕಂಪನಿ ಬಿಟ್ಟು ಬೇರೆ ಯಾರ ಮೇಲಾದರೂ ಕೇಸು ಹಾಕಿದ್ದೀರಾ?

ಎಡಿಸನ್ ಸುಮಾ | ರಾತ್ರಿ 11:41

ಲತಾ ಅಕ್ಕ, ತುಂಬಾ ಥ್ಯಾಂಕ್ಸ್. ಕಾಗದದ ಮೇಲಿನ ತಾರೀಖು ಲೆಕ್ಕ ಹಾಕಿದರೆ ಇವತ್ತಿಗೆ 19 ದಿನ. ಕಂಪನಿಯ ಹೆಡ್ ಆಫೀಸು ಬೇರೆ ರಾಜ್ಯದಲ್ಲಿದೆ. ಸ್ಟೋರ್ ಮ್ಯಾನೇಜರ್ ಹೆಸರನ್ನೂ ವಕೀಲರು ಸೇರಿಸಿದ್ದಾರೆ.

ಲೀಗಲ್ ಲತಾ | ರಾತ್ರಿ 11:44

ಮ್ಯಾನೇಜರ್ ಹೆಸರು ಇದೆಯಾ? ಹಾಗಾದರೆ ವಿಷಯ ಇದೆ. ಅವರಿಗೆ ಸಮನ್ಸ್ ಮುಟ್ಟಿದ್ದು ಯಾವತ್ತು ಅಂತ ತಿಳಿದುಕೊಳ್ಳಿ. ಪೇಸರ್ ಅನ್ನೋ ಕೋರ್ಟಿನ ವೆಬ್‌ಸೈಟಿನಲ್ಲಿ ಖಾತೆ ತೆರೆದರೆ ನೀವೇ ಎಲ್ಲ ಕಾಗದ ನೋಡಬಹುದು. ಪುಟಕ್ಕೆ 10 ಸೆಂಟ್, ಒಂದು ಕಾಗದಕ್ಕೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಅದನ್ನೂ ಕೇಳುವುದಿಲ್ಲ.

ಆಸ್ಟಿನ್ ಗಿರೀಶ್ | ಸೋಮವಾರ, ಬೆಳಗ್ಗೆ 7:15

ನಾನು ಬೇರೆ ಮಾತು ಹೇಳುತ್ತೇನೆ. ವಾಪಸ್ ಯಾಕೆ ತರಬೇಕು? ನಾವು ಹೊರಗಿನವರು. ಫೆಡರಲ್ ಜಡ್ಜ್‌ಗಳು ಜೀವನಪೂರ್ತಿ ಆ ಹುದ್ದೆಯಲ್ಲಿರುತ್ತಾರೆ, ಯಾರ ಮುಲಾಜೂ ಇಲ್ಲ. ನಮ್ಮ ಟೆಕ್ಸಾಸ್‌ನಲ್ಲಿ ಸ್ಟೇಟ್ ಜಡ್ಜ್‌ಗಳು ಪಕ್ಷದ ಚಿಹ್ನೆ ಹಿಡಿದು ಚುನಾವಣೆಗೆ ನಿಲ್ಲುತ್ತಾರೆ. ಅಂಥವರ ಮುಂದೆ ಸೀರೆ ಉಟ್ಟ ನಮ್ಮ ಅಮ್ಮಂದಿರು ನಿಂತರೆ ನ್ಯಾಯ ಸಿಗುತ್ತದಾ? ಫೆಡರಲ್ ಕೋರ್ಟ್ ಇಟ್ಟಿದ್ದೇ ಹೊರಗಿನವರಿಗೆ ಅನ್ಯಾಯ ಆಗಬಾರದು ಅಂತ.

ಲೀಗಲ್ ಲತಾ | ಬೆಳಗ್ಗೆ 8:02

ಗಿರೀಶ್, ಕೊನೆಯ ಮಾತು ನಿಜ. 1789ರ ಮೊದಲ ನ್ಯಾಯಾಂಗ ಕಾಯ್ದೆಯಲ್ಲೇ ಈ ಅವಕಾಶ ಇತ್ತು, ಆಗ 500 ಡಾಲರ್ ದಾಟಿದ ಕೇಸುಗಳಿಗೆ. ಹೊರಗಿನಿಂದ ಬಂದವನಿಗೆ ಸ್ಥಳೀಯರು ಪಕ್ಷಪಾತ ಮಾಡಬಾರದು ಅಂತ. ಆದರೆ ಇವತ್ತು ಅದನ್ನು ಬಳಸುವವರು ಯಾರು? ರಾಜ್ಯಕ್ಕೆ ನೂರು ಅಂಗಡಿ ಇಟ್ಟುಕೊಂಡು ನಾವು ಹೊರಗಿನವರು ಅನ್ನುವ ಕಂಪನಿ. ಇಲ್ಲಿ ನಿಜವಾಗಿ ಹೊರಗಿನವರು ಸುಮಾ ಅಮ್ಮ. ಅವರು ಕೇಳದೆ ಇದ್ದ ರಕ್ಷಣೆಯನ್ನು ಅಂಗಡಿ ತೆಗೆದುಕೊಳ್ಳುತ್ತಿದೆ.

ಮತ್ತೆ ಟೆಕ್ಸಾಸ್ ಲೆಕ್ಕವನ್ನು ಇಲ್ಲಿಗೆ ತರಬೇಡಿ. ನ್ಯೂಜೆರ್ಸಿಯಲ್ಲಿ ಜಡ್ಜ್‌ಗಳಿಗೆ ಚುನಾವಣೆ ಇಲ್ಲ. ಗವರ್ನರ್ ಹೆಸರಿಸಿ, ಸೆನೆಟ್ ಒಪ್ಪಬೇಕು.

ಇನ್ನೊಂದು ವ್ಯತ್ಯಾಸ ಹೇಳುತ್ತೇನೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ನ್ಯೂಜೆರ್ಸಿ ಕೋರ್ಟಿನಲ್ಲಿ ಇಂಥ ಕೇಸಿಗೆ ಸಾಮಾನ್ಯವಾಗಿ ಆರು ಜನ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರು. ಅವರಲ್ಲಿ ಐದು ಜನ ಒಪ್ಪಿದರೆ ಸಾಕು. ಫೆಡರಲ್ ಕೋರ್ಟಿನಲ್ಲಿ ಕೂತವರೆಲ್ಲರೂ ಒಪ್ಪಬೇಕು. ಒಬ್ಬರು ತಲೆ ಅಲ್ಲಾಡಿಸಿದರೂ ತೀರ್ಪಿಲ್ಲ. ಪರಿಹಾರ ಕೇಳುವವರಿಗೆ ಯಾವುದು ಕಷ್ಟ ಅಂತ ನೀವೇ ಯೋಚಿಸಿ.

ಆಸ್ಟಿನ್ ಗಿರೀಶ್ | ಬೆಳಗ್ಗೆ 8:20

ಜ್ಯೂರಿ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ. ಆದರೂ ಎಲ್ಲ ಕೇಸಿಗೂ ಸ್ಟೇಟ್ ಕೋರ್ಟೇ ಒಳ್ಳೆಯದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಊರು ಯಾವುದು, ಎದುರಾಳಿ ಯಾರು ಅನ್ನುವುದರ ಮೇಲೆ ಹೋಗುತ್ತದೆ.

ಪ್ಲೇನ್ಸ್‌ಬರೋ ಮಂಜು | ಬೆಳಗ್ಗೆ 8:31

ಕೋರ್ಟು ಬದಲಾದರೆ ಕಾನೂನೂ ಬದಲಾಗುತ್ತದಾ?

ಲೀಗಲ್ ಲತಾ | ಬೆಳಗ್ಗೆ 8:36

ಇಲ್ಲ. ನೆಲ ಒದ್ದೆ ಇದ್ದರೆ ಅಂಗಡಿಯವನ ಹೊಣೆ ಎಷ್ಟು ಅನ್ನುವುದಕ್ಕೆ ನ್ಯೂಜೆರ್ಸಿ ಕಾನೂನೇ. 1938ರಲ್ಲಿ ಸುಪ್ರೀಂ ಕೋರ್ಟ್ ಈರಿ ರೈಲ್‌ರೋಡ್ ಕೇಸಿನಲ್ಲಿ ಅದನ್ನು ಗಟ್ಟಿ ಮಾಡಿತು. ಬದಲಾಗುವುದು ನಡೆಸುವ ರೀತಿ ಮಾತ್ರ.

ಹುಬ್ಬಳ್ಳಿ ವಕೀಲ | ಬೆಳಗ್ಗೆ 9:10

ಇಲ್ಲಿ ನಮ್ಮಲ್ಲಿ ರಾತ್ರಿ ಊಟದ ಹೊತ್ತು. ಓದುತ್ತಾ ಕೂತಿದ್ದೇನೆ, ಭಾಳ ಕುತೂಹಲ ಅನ್ನಿಸ್ತು.

ನೋಡ್ರಿ, ನಮ್ಮ ದೇಶದಲ್ಲಿ ಈ ಎರಡು ಸಾಲಿನ ಕೋರ್ಟುಗಳೇ ಇಲ್ಲ. ತಾಲೂಕಿನ ಸಿವಿಲ್ ಜಡ್ಜ್‌ನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಕೇಂದ್ರದ ಕಾನೂನು ಆಗಲಿ, ರಾಜ್ಯದ ಕಾನೂನು ಆಗಲಿ ಅದೇ ಜಡ್ಜ್ ಮುಂದೆ. ಕೇಸು ವರ್ಗ ಮಾಡಿಸಬೇಕು ಅಂದರೆ ಸಿವಿಲ್ ಪ್ರೊಸೀಜರ್ ಕೋಡ್‌ನ ಸೆಕ್ಷನ್ 24ರ ಕೆಳಗೆ ಜಿಲ್ಲಾ ಕೋರ್ಟಿಗೋ ಹೈಕೋರ್ಟಿಗೋ ಅರ್ಜಿ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಅಂದರೆ ಸೆಕ್ಷನ್ 25, ಸುಪ್ರೀಂ ಕೋರ್ಟಿಗೇ ಹೋಗಬೇಕು. ವಾದಿ ಬೇಕಾದರೂ ಕೇಳಬಹುದು, ಪ್ರತಿವಾದಿ ಬೇಕಾದರೂ ಕೇಳಬಹುದು. ಆದರೆ ಕೇಳಬೇಕು, ಜಡ್ಜ್ ಒಪ್ಪಬೇಕು. ಪ್ರತಿವಾದಿ ತಾನೇ ಕಾಗದ ಹಾಕಿ ಫೈಲ್ ಎತ್ತಿಕೊಂಡು ಹೋಗುವುದು ಅಂದರೆ ನಮಗೆ ಕಲ್ಪನೆಗೂ ಬರೋದಿಲ್ಲ.

ದೂರದ ವಿಷಯ ಬಂತು ಅಂತ ಹೇಳುತ್ತೇನೆ. 2008ಕ್ಕಿಂತ ಮೊದಲು ನಮ್ಮ ಭಾಗದವರು ಪ್ರತಿಯೊಂದು ಹೈಕೋರ್ಟ್ ಕೆಲಸಕ್ಕೂ ಬೆಂಗಳೂರಿಗೆ ಹೋಗಬೇಕಿತ್ತು. ರಾತ್ರಿ ಬಸ್ಸು, ಬೆಳಗ್ಗೆ ಕೋರ್ಟು, ಮತ್ತೆ ರಾತ್ರಿ ಬಸ್ಸು. ಎಷ್ಟೋ ಬಡ ಕಕ್ಷಿದಾರರು ಅರ್ಧಕ್ಕೇ ಕೈಬಿಟ್ಟರು. ಧಾರವಾಡ ಪೀಠ ಬಂದ ಮೇಲೆ ಅದೆಷ್ಟು ಹಗುರಾಯಿತು. ಕೋರ್ಟು ಯಾವ ಊರಿನಲ್ಲಿ ಅನ್ನುವುದು ಸಣ್ಣ ವಿಷಯ ಅಲ್ಲ ಅಂತ ನನಗೆ ಅಲ್ಲಿ ಅರ್ಥವಾಯಿತು.

ಡಲ್ಲಾಸ್ ವೀಣಾ | ಬೆಳಗ್ಗೆ 10:05

ಸುಮಾ, ಕೋರ್ಟ್ ವಿಷಯ ನನಗೆ ಗೊತ್ತಿಲ್ಲ. ನಮ್ಮ ಅತ್ತೆಗೂ ಇದೇ ಮೂಳೆ ಮುರಿದಿತ್ತು. ಫಿಸಿಯೋಥೆರಪಿ ಒಂದು ದಿನವೂ ಬಿಡಬೇಡಿ. ಎತ್ತರದ ಕಮೋಡ್ ಸೀಟ್ ಹಾಕಿಸಿ. ಹಾಸನದ ಮನೆಯಲ್ಲಿ ಬಚ್ಚಲಿಗೆ ಹಿಡಿಕೆ ಈಗಲೇ ಹಾಕಿಸಲು ಹೇಳಿ, ಅವರು ಹೋಗಿ ಇಳಿದ ಮೇಲೆ ಅಲ್ಲ. ಅಪ್ಪ ಅಮ್ಮನನ್ನು ಕರೆಸುವವರು ಎಲ್ಲರೂ ಕೇಳಿಸಿಕೊಳ್ಳಿ. ಫಿಕ್ಸೆಡ್ ಬೆನಿಫಿಟ್ ಇನ್ಶೂರೆನ್ಸ್ ಕಡಿಮೆ ದುಡ್ಡಿಗೆ ಸಿಗುತ್ತದೆ ಅಂತ ತೆಗೆದುಕೊಳ್ಳಬೇಡಿ. ಒಂದೊಂದು ಚಿಕಿತ್ಸೆಗೂ ಇಷ್ಟೇ ಅಂತ ಮಿತಿ ಇರುತ್ತದೆ. ಕಾಂಪ್ರಿಹೆನ್ಸಿವ್ ತೆಗೆದುಕೊಳ್ಳಿ.

ಎಡಿಸನ್ ಸುಮಾ | ಬೆಳಗ್ಗೆ 10:30

ವೀಣಾ ಅವರೇ, ನಾವು ಮಾಡಿದ ತಪ್ಪೂ ಅದೇ. ಬಚ್ಚಲಿನ ಹಿಡಿಕೆ ವಿಷಯ ತಮ್ಮನಿಗೆ ಈಗಲೇ ಹೇಳುತ್ತೇನೆ.

ಸ್ಯಾನ್ ಹೋಸೆ ರಘು | ಮಧ್ಯಾಹ್ನ 12:15

ನನ್ನದೂ ಒಂದು ಅನುಭವ. ಹೋದ ವರ್ಷ ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ ಬೇರೆ ಯಾರದೋ ಸಾಲ ಸೇರಿಸಿಬಿಟ್ಟಿದ್ದರು. ಏಳು ತಿಂಗಳು ಪತ್ರ ಬರೆದು ಸಾಕಾಗಿ ಸಣ್ಣ ಮೊತ್ತದ ಕೇಸು ಹಾಕಿದೆ, ವಕೀಲರಿಲ್ಲದೆ. ಮೊತ್ತ ಮೂರು ಸಾವಿರ ಡಾಲರ್ ಅಷ್ಟೆ. ಅದನ್ನೂ ಫೆಡರಲ್ ಕೋರ್ಟಿಗೆ ತೆಗೆದುಕೊಂಡು ಹೋದರು! ನನಗೆ ನಂಬಲು ಆಗಲಿಲ್ಲ. 75,000 ದಾಟಬೇಕು ಅಂತಾರಲ್ಲ, ಇದು ಹೇಗೆ?

ಆಮೇಲೆ ಗೊತ್ತಾಯಿತು. ಫಾರ್ಮಿನಲ್ಲಿ ಕಾರಣ ಬರೆಯುವ ಜಾಗದಲ್ಲಿ ನಾನು ಫೆಡರಲ್ ಕಾನೂನಿನ ಹೆಸರು ಬರೆದಿದ್ದೆ. ಇಂಟರ್‌ನೆಟ್‌ನಲ್ಲಿ ನೋಡಿ ಬರೆದಿದ್ದು, ಅದೇ ಒಂದು ಸಾಲು. ಫೆಡರಲ್ ಕಾನೂನಿನ ಮೇಲೆ ಕೇಸು ನಿಂತಿದ್ದರೆ ಮೊತ್ತ ಎಷ್ಟೇ ಇರಲಿ, ಯಾವ ರಾಜ್ಯದವರೇ ಇರಲಿ, ಅವರು ಕೊಂಡೊಯ್ಯಬಹುದು. ನಾನು ದೂರನ್ನು ತಿದ್ದಿ ಆ ಸಾಲು ತೆಗೆದು, ರಾಜ್ಯದ ಕಾನೂನು ಮಾತ್ರ ಉಳಿಸಿದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಾಯಲ್ ಕ್ಯಾನಿನ್ ಕೇಸಿನಲ್ಲಿ ಎಲ್ಲ ಜಡ್ಜ್‌ಗಳೂ ಒಂದಾಗಿ ಹೇಳಿದ್ದು ಇದನ್ನೇ. ಫೆಡರಲ್ ಆರೋಪ ತೆಗೆದು ರಾಜ್ಯದ್ದಷ್ಟೇ ಉಳಿದರೆ ಕೇಸು ವಾಪಸ್ ಹೋಗಬೇಕು. ನಾಯಿ ಬೆಕ್ಕಿನ ಆಹಾರದ ಕೇಸು ಅದು. ನನಗೆ ದೇವರು ಬಂದ ಹಾಗೆ ಬಂತು. ಕೇಸು ವಾಪಸ್ ಬಂದು, ನಾಲ್ಕೇ ವಾರದಲ್ಲಿ ಅವರೇ ಕರೆದು ರಾಜಿ ಮಾಡಿಕೊಂಡರು.

ಪ್ಲೇನ್ಸ್‌ಬರೋ ಮಂಜು | ಮಧ್ಯಾಹ್ನ 12:40

ರಘು ಸರ್, ಭಲೇ! ಹಾಗಾದರೆ ಸುಮಾ ಅವರೂ ಹೀಗೇ ಮಾಡಬಹುದಲ್ಲ? 74,000 ಸಾಕು ಅಂತ ಬರೆದುಕೊಟ್ಟರೆ ಆಯಿತು.

ಲೀಗಲ್ ಲತಾ | ಮಧ್ಯಾಹ್ನ 1:05

ಬೇಡ, ಬೇಡ. ಮೊತ್ತದ ವಿಷಯ ಬೇರೆ. ಕೇಸು ಫೆಡರಲ್‌ಗೆ ಹೋದ ಮೇಲೆ ಮೊತ್ತ ಕಡಿಮೆ ಮಾಡಿದರೆ ಅದರಿಂದ ವಾಪಸ್ ಬರುವುದಿಲ್ಲ. ಇದು 1938ರಷ್ಟು ಹಳೆಯ ತೀರ್ಪು. ಸುಮಾ ಅವರ ಬಿಲ್ಲೇ ಲಕ್ಷ ದಾಟಿದೆ. ಕೋರ್ಟಿನ ಆಸೆಗೆ ಅಮ್ಮನ ದುಡ್ಡು ಬಿಟ್ಟುಕೊಡಬೇಡಿ, ದಯವಿಟ್ಟು.

ಎಡಿಸನ್ ಸುಮಾ | ಸಂಜೆ 7:50

ಲತಾ ಅಕ್ಕ, ಮಗು ಮಲಗಿದ ಮೇಲೆ ಪೇಸರ್‌ನಲ್ಲಿ ನೋಟಿಸ್ ತೆಗೆದು ಓದಿದೆ. ಅಮ್ಮ ಭಾರತದ ಪ್ರಜೆ ಅಂತ ಬರೆದಿದ್ದಾರೆ. ಕಂಪನಿ ಯಾವ ರಾಜ್ಯದಲ್ಲಿ ನೋಂದಣಿ, ಹೆಡ್ ಆಫೀಸು ಎಲ್ಲಿ ಅಂತ ಬರೆದಿದ್ದಾರೆ. ಏಳನೇ ಪ್ಯಾರಾದಲ್ಲಿ ಮ್ಯಾನೇಜರ್ ನ್ಯೂಜೆರ್ಸಿಯ ಸಿಟಿಜನ್ ಅಂತ ಇದೆ. ಆದರೆ ಅವರಿಗೆ ಇನ್ನೂ ಸಮನ್ಸ್ ಮುಟ್ಟಿಲ್ಲ, ಆದ್ದರಿಂದ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ ಅಂತ ಬರೆದಿದ್ದಾರೆ. ವಕೀಲರ ಆಫೀಸಿನ ಹುಡುಗಿ ಹೇಳಿದ ಪ್ರಕಾರ ಮ್ಯಾನೇಜರ್‌ಗೆ ಸಮನ್ಸ್ ಕೊಟ್ಟಿದ್ದು ನೋಟಿಸ್ ಆದ ಮೂರು ದಿನಕ್ಕೆ. ಇದರ ಅರ್ಥ ಏನು?

ವಕೀಲ ಭಟ್ಟ | ರಾತ್ರಿ 8:45

ನಾನು ಪೆನ್ಸಿಲ್ವೇನಿಯಾದಲ್ಲಿ ವಕೀಲ, ಊರು ಶಿರಸಿ ಹತ್ತಿರ. ಲತಾ ಅವರು ಇಲ್ಲಿಯವರೆಗೆ ಹೇಳಿದ್ದೆಲ್ಲ ಸರಿಯಾಗಿದೆ. ಏಳನೇ ಪ್ಯಾರಾ ಬಗ್ಗೆ ನಾನು ಹೇಳುತ್ತೇನೆ.

ಒಂದು ನಿಯಮ ಇದೆ. ಎರಡೂ ಕಡೆಯವರು ಬೇರೆ ಬೇರೆ ರಾಜ್ಯದವರು, ಇಲ್ಲ ಒಬ್ಬರು ವಿದೇಶದವರು ಅನ್ನುವ ಒಂದೇ ಕಾರಣಕ್ಕೆ ಕೇಸು ಫೆಡರಲ್‌ಗೆ ಹೋಗುತ್ತಿದ್ದರೆ, ಪ್ರತಿವಾದಿಗಳಲ್ಲಿ ಒಬ್ಬರೂ ಕೇಸು ಹಾಕಿದ ರಾಜ್ಯದವರೇ ಆಗಿರಬಾರದು. ತನ್ನ ಮನೆಯ ಕೋರ್ಟಿಗೆ ತಾನೇ ಹೆದರುತ್ತೇನೆ ಅನ್ನಲು ಆಗುವುದಿಲ್ಲ ಅಲ್ವಾ? ಆದರೆ ಕಾಯ್ದೆಯಲ್ಲಿ 'ಸಮನ್ಸ್ ಮುಟ್ಟಿದ ಪ್ರತಿವಾದಿ' ಅಂತ ಮಾತು ಇದೆ. ಕಂಪನಿಗಳು ಅದನ್ನೇ ಹಿಡಿದುಕೊಂಡಿವೆ. ಕೋರ್ಟಿನ ಆನ್‌ಲೈನ್ ದಾಖಲೆಯನ್ನು ದಿನಾ ನೋಡುತ್ತಾ ಇರುತ್ತಾರೆ. ತಮ್ಮ ಹೆಸರಿನ ಕೇಸು ಕಂಡ ತಕ್ಷಣ, ಸ್ಥಳೀಯನಿಗೆ ಸಮನ್ಸ್ ಮುಟ್ಟುವ ಮೊದಲೇ ಓಡುತ್ತಾರೆ. ಇದಕ್ಕೆ ಸ್ನ್ಯಾಪ್ ರಿಮೂವಲ್ ಅಂತ ಹೆಸರು. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಎರಡೂ ಬರುವ ಥರ್ಡ್ ಸರ್ಕಿಟ್ ಅನ್ನುವ ಫೆಡರಲ್ ಅಪೀಲು ಕೋರ್ಟು 2018ರಲ್ಲಿ ಇದನ್ನು ಒಪ್ಪಿಬಿಟ್ಟಿತು. ನನ್ನ ಪ್ರಕಾರ ಅದು ಕಾಯ್ದೆಯ ಅಕ್ಷರಕ್ಕೆ ಸರಿ, ಉದ್ದೇಶಕ್ಕೆ ವಿರುದ್ಧ. ಆದರೆ ನಾವು ಅದರ ಕೆಳಗೇ ಕೆಲಸ ಮಾಡಬೇಕು.

ಬೇಜಾರಿನಿಂದ ಹೇಳುತ್ತಿದ್ದೇನೆ, ಮ್ಯಾನೇಜರ್ ನ್ಯೂಜೆರ್ಸಿಯ ಸಿಟಿಜನ್ ಆಗಿದ್ದರೆ ಈ ದಾರಿಯಲ್ಲಿ ವಾಪಸ್ ತರುವುದು ಕಷ್ಟ.

ಲೀಗಲ್ ಲತಾ | ರಾತ್ರಿ 8:52

ನಮ್ಮ ಆಫೀಸಿನಲ್ಲೂ ದಿನಾ ಬೆಳಗ್ಗೆ ಒಬ್ಬರಿಗೆ ಅದೇ ಕೆಲಸ. ಕಾಫಿ ಕುಡಿಯುವ ಮೊದಲು ದಾಖಲೆ ನೋಡಬೇಕು.

ಎಡಿಸನ್ ಸುಮಾ | ರಾತ್ರಿ 9:30

ಓದಿ ಕೈಕಾಲು ಬಿದ್ದುಹೋಯಿತು.

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳುತ್ತಿದ್ದೆ. ಅಮ್ಮ ಕೇಳಿದ ಮೊದಲ ಮಾತು, 'ಆ ಹುಡುಗನ ಮೇಲೆ ಯಾಕೆ ಹಾಕಿದ್ದೀಯ ಕೇಸು?' ಅಂತ. ಅವತ್ತು ಆಂಬುಲೆನ್ಸ್ ಬರುವವರೆಗೆ ಆ ಮ್ಯಾನೇಜರ್ ಆ ನೀರಿನಲ್ಲೇ ಅಮ್ಮನ ಪಕ್ಕ ಕೂತಿದ್ದರು. ಪ್ಯಾಂಟೆಲ್ಲ ಒದ್ದೆ. ತನ್ನ ಜಾಕೆಟ್ ಮಡಚಿ ಅಮ್ಮನ ತಲೆ ಕೆಳಗೆ ಇಟ್ಟರು. ಲುಧಿಯಾನದ ಕಡೆಯವರು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ, ಆದರೂ ಮಾತಾಡಿಸುತ್ತಾ ಇದ್ದರು. ತನ್ನ ತಾಯಿಯೂ ಊರಿನಲ್ಲಿ ಒಬ್ಬರೇ ಇದ್ದಾರೆ, ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯಿತು, ಸಿಟಿಜನ್ ಆದ ಮೇಲೆ ತಾನೇ ತಾಯಿಯನ್ನು ಶಾಶ್ವತವಾಗಿ ಕರೆಸಲು ಆಗುವುದು, ಇನ್ನೂ ಕಾಯಬೇಕು ಅಂತ ಹೇಳುತ್ತಿದ್ದರು. ಅಮ್ಮ ನೋವಿನಲ್ಲೂ 'ಬೇಟಾ, ಆಯೇಗಿ' ಅಂದಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಅವರ ಹೆಸರು ಸೇರಿಸಿದ್ದೂ ಉಪಯೋಗಕ್ಕೆ ಬರಲಿಲ್ಲ, ಅಮ್ಮನಿಗೂ ನೋವಾಯಿತು.

ವಕೀಲ ಭಟ್ಟ | ರಾತ್ರಿ 9:36

ಸುಮಾ ಅವರೇ, ತಡೆಯಿರಿ. ಗ್ರೀನ್ ಕಾರ್ಡ್ ಅಂದಿರಾ? ಭಾರತದ ಪಾಸ್‌ಪೋರ್ಟಾ?

ಎಡಿಸನ್ ಸುಮಾ | ರಾತ್ರಿ 9:38

ಹೌದು. ಸಿಟಿಜನ್ ಆಗಿಲ್ಲ ಅಂತ ಅವರೇ ಹೇಳಿದ್ದು. ಯಾಕೆ ಸರ್?

ವಕೀಲ ಭಟ್ಟ | ರಾತ್ರಿ 9:55

ಹಾಗಾದರೆ ಏಳನೇ ಪ್ಯಾರಾ ತಪ್ಪು. ಇಡೀ ನೋಟಿಸ್ ನಿಂತಿರುವುದೇ ಆ ಪ್ಯಾರಾದ ಮೇಲೆ.

ಅಮ್ಮ ಭಾರತದ ಪ್ರಜೆ. ಮ್ಯಾನೇಜರ್ ಕೂಡ ಭಾರತದ ಪ್ರಜೆ. ವಾದಿಯ ಕಡೆ ವಿದೇಶಿ, ಪ್ರತಿವಾದಿಯ ಕಡೆಯೂ ಒಬ್ಬ ವಿದೇಶಿ. ಅಂಥ ಕಡೆ, ಜೊತೆಗೆ ಅಮೆರಿಕದ ಕಂಪನಿ ಇದ್ದರೂ, ಫೆಡರಲ್ ಕೋರ್ಟಿಗೆ ಅಧಿಕಾರ ಬರುವುದಿಲ್ಲ. ಒಂದು ಕಡೆಯ ಪ್ರತಿಯೊಬ್ಬರೂ ಇನ್ನೊಂದು ಕಡೆಯ ಪ್ರತಿಯೊಬ್ಬರಿಂದ ಬೇರೆ ಇರಬೇಕು ಅನ್ನುವ ನಿಯಮ 1806ರಿಂದಲೂ ಇದೆ. ಎರಡೂ ಕಡೆ ವಿದೇಶಿಯರಿದ್ದರೆ ಅದು ಮುರಿಯುತ್ತದೆ.

ಸಮನ್ಸ್ ಯಾವಾಗ ಮುಟ್ಟಿತು ಅನ್ನುವ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಅದು ಬೇರೆ ನಿಯಮದ ಮಾತು. ಅಧಿಕಾರ ಇದೆಯೋ ಇಲ್ಲವೋ ಅಂತ ನೋಡುವಾಗ ಸಮನ್ಸ್ ಮುಟ್ಟದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 30 ದಿನದ ಗಡುವೂ ಇದಕ್ಕಿಲ್ಲ. ಅಧಿಕಾರ ಇದೆ ಅಂತ ತೋರಿಸುವ ಹೊರೆ ಕೇಸು ಎಳೆದುಕೊಂಡು ಹೋದವರ ಮೇಲೆ, ನಿಮ್ಮ ಮೇಲಲ್ಲ.

ಆಸ್ಟಿನ್ ಗಿರೀಶ್ | ರಾತ್ರಿ 10:10

ಭಟ್ಟರೇ, ಒಂದು ನಿಮಿಷ. ಗ್ರೀನ್ ಕಾರ್ಡ್ ಇದ್ದವರನ್ನು ಅವರು ವಾಸ ಇರುವ ರಾಜ್ಯದ ಪ್ರಜೆ ಅಂತಲೇ ಎಣಿಸುತ್ತಾರೆ. ನನಗೆ ಗ್ರೀನ್ ಕಾರ್ಡ್ ಬಂದಾಗ ಓದಿದ್ದು ಚೆನ್ನಾಗಿ ನೆನಪಿದೆ.

ವಕೀಲ ಭಟ್ಟ | ರಾತ್ರಿ 10:22

ನೀವು ಓದಿದ್ದು ಯಾವ ವರ್ಷ? 1988ರಲ್ಲಿ ಹಾಗೆ ತಿದ್ದಿದ್ದರು, ನಿಜ. ಅದರಿಂದ ಗೊಂದಲ ಜಾಸ್ತಿ ಆಯಿತು. ಬೇರೆ ಬೇರೆ ಕೋರ್ಟುಗಳು ಬೇರೆ ಬೇರೆ ಹೇಳಿದವು. 2011ರ ತಿದ್ದುಪಡಿಯಲ್ಲಿ ಆ ಸಾಲನ್ನು ತೆಗೆದರು. 2012ರಿಂದ ಹಾಕಿದ ಕೇಸುಗಳಿಗೆ ಗ್ರೀನ್ ಕಾರ್ಡ್ ಇದ್ದವರು ವಿದೇಶಿಯರೇ. ಒಂದು ವಿನಾಯಿತಿ ಉಳಿಸಿದರು. ಗ್ರೀನ್ ಕಾರ್ಡ್ ಇದ್ದವರಿಗೂ ಅದೇ ರಾಜ್ಯದ ಅಮೆರಿಕನ್ ಪ್ರಜೆಗೂ ಜಗಳ ಬಂದರೆ ಫೆಡರಲ್ ಕೋರ್ಟಿಗೆ ಹೋಗುವ ಹಾಗಿಲ್ಲ.

ಆಸ್ಟಿನ್ ಗಿರೀಶ್ | ರಾತ್ರಿ 10:25

2009. ಸರಿ ಸರ್, ತಿದ್ದಿಕೊಂಡೆ.

ಮೈಸೂರಿಗೆ ವಾಪಸ್ | ರಾತ್ರಿ 10:40

ನಮ್ಮಂಥವರ ಕಥೆ ಏನು? 22 ವರ್ಷ ಅಮೆರಿಕದಲ್ಲಿದ್ದು, ಅಲ್ಲಿಯ ಪಾಸ್‌ಪೋರ್ಟ್ ತೆಗೆದುಕೊಂಡು, ಈಗ ಕುವೆಂಪುನಗರದಲ್ಲಿ ಮನೆ ಮಾಡಿದ್ದೇವೆ. ಅಲ್ಲಿ ಮನೆ ಇಲ್ಲ, ವಾಪಸ್ ಹೋಗುವ ಯೋಚನೆಯೂ ಇಲ್ಲ.

ವಕೀಲ ಭಟ್ಟ | ರಾತ್ರಿ 10:52

ನಿಮ್ಮದು ಇನ್ನೂ ವಿಚಿತ್ರ. ಈ ಲೆಕ್ಕದಲ್ಲಿ ರಾಜ್ಯದ ಪ್ರಜೆ ಅನ್ನಿಸಿಕೊಳ್ಳಲು ಎರಡು ಬೇಕು. ಅಮೆರಿಕದ ಪ್ರಜೆ ಆಗಿರಬೇಕು, ಒಂದು ರಾಜ್ಯದಲ್ಲಿ ಶಾಶ್ವತವಾಗಿ ನೆಲೆಸಿರಬೇಕು. ನೀವು ಮೈಸೂರಿನಲ್ಲಿ ನೆಲೆಸಿದ್ದೀರಿ, ಆದ್ದರಿಂದ ಯಾವ ರಾಜ್ಯದವರೂ ಅಲ್ಲ. ಅಮೆರಿಕದ ಪಾಸ್‌ಪೋರ್ಟ್ ಇದೆ, ಆದ್ದರಿಂದ ವಿದೇಶಿಯೂ ಅಲ್ಲ. 1989ರಲ್ಲಿ ಸುಪ್ರೀಂ ಕೋರ್ಟೇ ಇಂಥ ಒಬ್ಬರ ಬಗ್ಗೆ ಹೀಗೇ ಹೇಳಿದೆ. ನಿಮ್ಮ ಮೇಲೆ ಅಲ್ಲಿಯ ಸ್ಟೇಟ್ ಕೋರ್ಟಿನಲ್ಲಿ ಯಾರಾದರೂ ಕೇಸು ಹಾಕಿದರೆ, ಬೇರೆ ರಾಜ್ಯ ಅನ್ನುವ ಕಾರಣ ಕೊಟ್ಟು ಅದನ್ನು ಫೆಡರಲ್‌ಗೆ ತೆಗೆದುಕೊಂಡು ಹೋಗಲು ಆಗುವುದಿಲ್ಲ.

ಡಲ್ಲಾಸ್ ವೀಣಾ | ರಾತ್ರಿ 11:05

ನನಗೆ ಆ ಮ್ಯಾನೇಜರ್ ಯೋಚನೆಯೇ ಬರುತ್ತಿದೆ. ಅವರ ಗ್ರೀನ್ ಕಾರ್ಡಿಗೆ ಇದರಿಂದ ತೊಂದರೆ ಆಗುವುದಿಲ್ಲ ತಾನೇ? ಅವರ ತಾಯಿಯೂ ಕಾಯುತ್ತಿದ್ದಾರೆ.

ಲೀಗಲ್ ಲತಾ | ರಾತ್ರಿ 11:18

ಇದು ಸಿವಿಲ್ ಕೇಸು, ಕ್ರಿಮಿನಲ್ ಅಲ್ಲ. ನೆಲ ಒದ್ದೆ ಇತ್ತು ಅನ್ನುವ ಕೇಸಿನಿಂದ ಯಾರ ಗ್ರೀನ್ ಕಾರ್ಡೂ ಹೋಗುವುದಿಲ್ಲ. ಕೆಲಸದ ಹೊತ್ತಿನಲ್ಲಿ ಆಗಿದ್ದಕ್ಕೆ ಸಾಮಾನ್ಯವಾಗಿ ಕಂಪನಿಯ ಇನ್ಶೂರೆನ್ಸ್‌ನವರೇ ಅವರಿಗೂ ವಕೀಲರನ್ನು ಇಡುತ್ತಾರೆ. ಸುಮಾ, ಅಮ್ಮನಿಗೆ ಇದನ್ನು ಹೇಳಿ.

ಇನ್ನೂ ಎರಡು ಮಾತು. ಗಡುವಿಲ್ಲ ಅಂತ ಸುಮ್ಮನೆ ಕೂರಬೇಡಿ. 30 ದಿನದೊಳಗೇ ಮೋಷನ್ ಹಾಕಿಸಿ, ಇರುವ ತಪ್ಪುಗಳನ್ನೆಲ್ಲ ಒಟ್ಟಿಗೆ ಎತ್ತಲಿ. ಮ್ಯಾನೇಜರ್ ಹೆಸರು ಸುಮ್ಮನೆ ಸೇರಿಸಿದ್ದು, ಅವರ ಮೇಲೆ ನಿಜವಾದ ದೂರೇ ಇಲ್ಲ ಅಂತ ಕಂಪನಿಯವರು ವಾದ ಮಾಡಬಹುದು. ಫ್ರೀಜರ್ ಸೋರುವುದು ಅವರಿಗೆ ಮೊದಲೇ ಗೊತ್ತಿತ್ತಾ, ಒರೆಸಲು ಯಾರಿಗಾದರೂ ಹೇಳಿದ್ದರಾ ಅನ್ನುವ ವಿವರ ನಿಮ್ಮ ವಕೀಲರ ಕೈಯಲ್ಲಿ ಇರಲಿ. ಮತ್ತೆ ಅಮ್ಮ ಹೊರಡುವ ಮೊದಲು ಅವರ ಹೇಳಿಕೆಯನ್ನು ವಿಡಿಯೋದಲ್ಲಿ, ಕನ್ನಡ ದುಭಾಷಿ ಇಟ್ಟುಕೊಂಡು ದಾಖಲು ಮಾಡಿಸಿ. ಹಿಂದಿ ದುಭಾಷಿ ಆಗುತ್ತದೆ ಅಂದರೆ ಒಪ್ಪಬೇಡಿ.

ಹುಬ್ಬಳ್ಳಿ ವಕೀಲ | ಮಂಗಳವಾರ, ಬೆಳಗ್ಗೆ 6:30

ಕನ್ನಡ ದುಭಾಷಿ ಮಾತು ನೂರಕ್ಕೆ ನೂರು ಸರಿ. 'ಜಾರಿದೆ', 'ಎಡವಿದೆ' ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಮಾತು ಬರೆದುಬಿಟ್ಟರೆ ಕೇಸೇ ಹೋಗುತ್ತದೆ. ಎಡವಿದ್ದು ಅಂದರೆ ತಪ್ಪು ತಾಯಿಯವರದ್ದು ಅಂತಾರೆ, ಜಾರಿದ್ದು ಅಂದರೆ ನೆಲದ್ದು.

ಸ್ಯಾನ್ ಹೋಸೆ ರಘು | ಬೆಳಗ್ಗೆ 11:00

ಸುಮಾ, ವಕೀಲರಿಗೆ ಫೋನ್ ಬೇಡ, ಇಮೇಲ್ ಹಾಕಿ. 'ಮ್ಯಾನೇಜರ್ ಭಾರತದ ಪ್ರಜೆ, 30ನೇ ದಿನ ಇಂಥ ತಾರೀಖು' ಅಂತ ವಿಷಯದ ಸಾಲಿನಲ್ಲೇ ಬರೆಯಿರಿ. ಓದದೆ ಇರಲು ಆಗಬಾರದು.

ಎಡಿಸನ್ ಸುಮಾ | ಏಳು ವಾರದ ನಂತರ, ಗುರುವಾರ, ರಾತ್ರಿ 9:15

ಎಲ್ಲರಿಗೂ ಹೇಳಬೇಕು ಅಂತ ಬಂದೆ.

ರಘು ಹೇಳಿದ ಹಾಗೆ ಇಮೇಲ್ ಹಾಕಿದೆ. ಅರ್ಧ ಗಂಟೆಯಲ್ಲಿ ವಕೀಲರೇ ಫೋನ್ ಮಾಡಿದರು. ಮ್ಯಾನೇಜರ್ ಪೌರತ್ವದ ವಿಷಯ ಅವರಿಗೂ ಗೊತ್ತಿರಲಿಲ್ಲ. 26ನೇ ದಿನ ಮೋಷನ್ ಹಾಕಿದರು. ಜಡ್ಜ್ ಕಂಪನಿಯವರಿಗೆ ಮ್ಯಾನೇಜರ್ ಪೌರತ್ವಕ್ಕೆ ದಾಖಲೆ ಕೊಡಿ ಅಂತ ಕೇಳಿದರು. ಕೊಡಲು ಅವರ ಹತ್ತಿರ ಏನೂ ಇರಲಿಲ್ಲ. ಕೊನೆಗೆ ಅವರ ವಕೀಲರೇ ವಾಪಸ್ ಕಳಿಸಲು ಒಪ್ಪಿ ಸಹಿ ಹಾಕಿದರು. ಹೋದ ವಾರ ಆದೇಶ ಬಂತು, ಒಂದೇ ಪುಟ. ಕೇಸು ನ್ಯೂ ಬ್ರನ್ಸ್‌ವಿಕ್‌ಗೆ ವಾಪಸ್ ಬಂದಿದೆ.

ಅಮ್ಮನ ಹೇಳಿಕೆ ಹೊರಡುವ ಮೂರು ದಿನ ಮೊದಲು ಆಯಿತು, ಕನ್ನಡ ದುಭಾಷಿಯೇ ಬಂದಿದ್ದರು, ದಾವಣಗೆರೆಯವರು. ಎರಡೂವರೆ ಗಂಟೆ. ಆ ಕಡೆಯ ವಕೀಲರು ನೆಲ ಹೇಗಿತ್ತು ಅಂತ ಕೇಳಿದಾಗ ಅಮ್ಮ 'ಎಣ್ಣೆ ಚೆಲ್ಲಿದ ಹಾಗೆ ಹೊಳೆಯುತ್ತಿತ್ತು' ಅಂದರು. ಕೊನೆಯಲ್ಲಿ ಬೇರೆ ಏನಾದರೂ ಹೇಳುವುದು ಇದೆಯಾ ಅಂದಾಗ, ಜಾಕೆಟ್ ಕೊಟ್ಟ ಹುಡುಗನಿಗೆ ಅದನ್ನು ಒಗೆದು ಇಟ್ಟಿದ್ದೇನೆ, ತಲುಪಿಸಿ ಅಂದರು.

ಈಗ ಹಾಸನದಲ್ಲಿದ್ದಾರೆ. ಬಚ್ಚಲಿಗೆ ಹಿಡಿಕೆ ಹಾಕಿಸಿ ಆಗಿದೆ, ವೀಣಾ.

ಪ್ಲೇನ್ಸ್‌ಬರೋ ಮಂಜು | ರಾತ್ರಿ 9:20

ಓದಿ ಕಣ್ಣು ತುಂಬಿ ಬಂತು ಮೇಡಂ.

ಲೀಗಲ್ ಲತಾ | ರಾತ್ರಿ 9:34

ಇಂಥ ಆದೇಶದ ಮೇಲೆ ಅವರು ಅಪೀಲ್ ಹೋಗುವ ಹಾಗೂ ಇಲ್ಲ. ನೆಮ್ಮದಿಯಾಗಿ ಮಲಗಿ ಇವತ್ತು.

ಬಾಡಿಗೆ ಮನೆ ಸತೀಶ | ಶುಕ್ರವಾರ, ಬೆಳಗ್ಗೆ 7:05

ಇಡೀ ಚರ್ಚೆ ಈಗ ಓದಿದೆ. ನನ್ನದೂ ಇದೇ ಥರ. ಎಚ್-1ಬಿ ವೀಸಾ, ಕ್ಯಾಂಡೆನ್ ಹತ್ತಿರ ಬಾಡಿಗೆ ಮನೆಯ ಮೆಟ್ಟಿಲು ಮುರಿದು ಬಿದ್ದೆ. ಮನೆ ಒಂದು ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಹೆಸರಿನಲ್ಲಿದೆ. ಅವರೂ ಫೆಡರಲ್‌ಗೆ ತೆಗೆದುಕೊಂಡು ಹೋಗಿದ್ದಾರೆ. ನೋಟಿಸ್ ಆಗಿ 22 ದಿನ.

ವಕೀಲ ಭಟ್ಟ | ಬೆಳಗ್ಗೆ 7:20

ಎಲ್‌ಎಲ್‌ಸಿ ಎಲ್ಲಿ ನೋಂದಣಿ ಆಗಿದೆ ಅನ್ನುವುದು ಲೆಕ್ಕಕ್ಕಿಲ್ಲ. ಅದರ ಪಾಲುದಾರರು ಒಬ್ಬೊಬ್ಬರೂ ಎಲ್ಲಿಯವರು ಅನ್ನುವುದೇ ಮುಖ್ಯ. ನೋಟಿಸ್‌ನಲ್ಲಿ ಅವರ ಹೆಸರು, ಪೌರತ್ವ ಬರೆದಿದ್ದಾರಾ? ಇವತ್ತೇ ತೆಗೆದು ನೋಡಿ, ಇಲ್ಲೇ ಬರೆಯಿರಿ. ಎಂಟು ದಿನ ಉಳಿದಿದೆ.